ಚೆಕ್ ಎಂಜಿನ್ ಲೈಟ್ ಹತ್ತಿದೆಯಾ? ಪಾರ್ಟ್ ಬದಲಿಸೋ ಮುಂಚೆ ಇದನ್ನ ಕೇಳಿ

ಇವತ್ತಿನ ವಿಷಯ, ಡ್ಯಾಶ್‌ಬೋರ್ಡ್ ಮೇಲೆ ಹತ್ತೋ ಆ ಹಳದಿ ಎಂಜಿನ್ ಚಿತ್ರ. ಅದು ಹತ್ತಿದ ತಕ್ಷಣ ಗ್ಯಾರೇಜ್‌ಗೆ ಓಡ್ತೀವಿ. ಅವರು ಸ್ಕ್ಯಾನರ್ ಹಾಕಿ, 'ಸೆನ್ಸರ್ ಹೋಗಿದೆ ಸಾರ್' ಅಂತಾರೆ. ಬಿಲ್ ಕಟ್ಟಿ ಬರ್ತೀವಿ. ಹದಿನೈದು ದಿನಕ್ಕೆ ಲೈಟ್ ಮತ್ತೆ ಹಾಜರ್.

ಯಾಕೆ ಅಂದ್ರೆ, ಕೋಡ್ ಹೇಳೋದು ದೂರು ಏನು ಅಂತ ಮಾತ್ರ. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗದಿದ್ರೆ ವ್ಯತ್ಯಾಸ ಎಷ್ಟು ಅಂತ ಗೊತ್ತಾಗುತ್ತೆ, ತಪ್ಪು ಎಂಟ್ರಿ ಎಲ್ಲಿದೆ ಅಂತ ನಾವೇ ಹುಡುಕ್ಬೇಕು. ಬಿ.ಕಾಂ ಮಾಡಿದೋರಿಗೆ ಈ ಸಂಕಟ ಚೆನ್ನಾಗಿ ಗೊತ್ತು!

ಪಿ0171 ಅನ್ನೋ ಕೋಡ್ ತಗೊಳ್ಳಿ. ಅರ್ಥ ಇಷ್ಟೇ: ಎಂಜಿನ್ ಒಳಗೆ ಹೋಗೋ ಗಾಳಿಯ ಲೆಕ್ಕಕ್ಕೆ ಪೆಟ್ರೋಲ್ ಸಾಲ್ತಿಲ್ಲ. ಇದನ್ನ ಗಮನಿಸಿ ಸುದ್ದಿ ಮುಟ್ಟಿಸೋದು ಆಕ್ಸಿಜನ್ ಸೆನ್ಸರ್. ಹಾಗಾಗಿ ಮೊದಲು ಬಲಿಯಾಗೋದೂ ಅದೇ. ಆದ್ರೆ ನಿಜವಾದ ಕಾರಣ ಒಂದು ರಬ್ಬರ್ ಪೈಪ್ ಬಿರುಕು ಬಿಟ್ಟಿರೋದು ಇರಬಹುದು, ಇಲಿ ಕಡಿದಿರಬಹುದು, ಫ್ಯುಯಲ್ ಪಂಪ್ ಸೋತಿರಬಹುದು. ಸ್ಕ್ಯಾನರ್‌ನಲ್ಲಿ ಫ್ಯುಯಲ್ ಟ್ರಿಮ್ ಅಂತ ಒಂದು ಅಂಕಿ ಬರುತ್ತೆ, ಕಂಪ್ಯೂಟರ್ ಎಷ್ಟು ಪರ್ಸೆಂಟ್ ಪೆಟ್ರೋಲ್ ಹೆಚ್ಚು ಕೊಡ್ತಿದೆ ಅಂತ. ಗಾಡಿ ನಿಂತಲ್ಲೇ ಐಡಲ್‌ನಲ್ಲಿದ್ದಾಗ ಅದು 20ರ ಮೇಲಿದ್ದು, ಆಕ್ಸಲರೇಟರ್ ಒತ್ತಿದಾಗ ಇಳಿದ್ರೆ, ಎಲ್ಲೋ ಗಾಳಿ ಸೋರಿಕೆ ಇದೆ ಅನ್ನೋ ಅನುಮಾನ. ಉಲ್ಟಾ, ಲೋಡ್ ಬಿದ್ದಾಗ ಏರಿದ್ರೆ ಪಂಪ್, ಫಿಲ್ಟರ್ ಕಡೆ ನೋಡಿ. ಸೆನ್ಸರ್ ಮುಟ್ಟೋದು ಆಮೇಲೆ.

ಪಿ0301 ಇನ್ನೂ ಸುಲಭ. ಒಂದನೇ ಸಿಲಿಂಡರ್ ಸರಿಯಾಗಿ ಫೈರ್ ಆಗ್ತಿಲ್ಲ ಅಂತ. ಪ್ರತಿ ಸಿಲಿಂಡರ್‌ಗೂ ಬೇರೆ ಕಾಯಿಲ್ ಇರೋ ಕಾರಾದ್ರೆ, ಎಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ ಒಂದನೇ ಕಾಯಿಲನ್ನ ಎರಡನೇದರ ಜೊತೆ ಅದಲುಬದಲು ಮಾಡಿಸಿ. ಕೋಡ್ ಅಳಿಸಿ ಓಡಿಸಿದಾಗ ಪಿ0302 ಬಂತಾ? ಕಾಯಿಲ್ಲೇ ಕಳ್ಳ. 0301 ಆಗೇ ಉಳೀತಾ? ಈಗ ಸ್ಪಾರ್ಕ್ ಪ್ಲಗ್, ಆಮೇಲೆ ಇಂಜೆಕ್ಟರ್. ಒಂದು ರೂಪಾಯಿ ಪಾರ್ಟೂ ಕೊಳ್ಳದೆ ಒಬ್ಬ ಆರೋಪಿ ಬಿಡುಗಡೆ!

ಒಂದು ಎಚ್ಚರಿಕೆ. ಲೈಟ್ ಸುಮ್ನೆ ಹತ್ತಿದ್ರೆ ನಿಧಾನವಾಗಿ ಓಡಿಸಿಕೊಂಡು ಹೋಗಿ ತೋರಿಸಬಹುದು. ಮಿಣುಕ್ತಾ ಇದ್ರೆ ಮಾತ್ರ ಹಾಗಲ್ಲ. ಉರಿಯದ ಪೆಟ್ರೋಲ್ ಸೈಲೆನ್ಸರ್ ಲೈನಿನ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದನ್ನ ಸುಡ್ತಿರುತ್ತೆ. ಅದು ತುಂಬಾ ದುಬಾರಿ ಪಾರ್ಟು. ಸೈಡಿಗೆ ಹಾಕಿ.

ಬ್ಲೂಟೂತ್ ಅಡಾಪ್ಟರ್ ಒಂದು ತಗೊಂಡ್ರೆ ಫೋನಲ್ಲೇ ಇದೆಲ್ಲ ನೋಡಬಹುದು. 2020ರ ಏಪ್ರಿಲ್‌ನಿಂದ ಬಂದಿರೋ ಬಿಎಸ್6 ಕಾರುಗಳಲ್ಲಿ 16 ಪಿನ್ನಿನ ಪೋರ್ಟ್ ಇದೆ, ಸಾಮಾನ್ಯವಾಗಿ ಸ್ಟೀರಿಂಗ್ ಕೆಳಗೆ. ಆದ್ರೆ ಕೋಡ್ ಕಂಡ ತಕ್ಷಣ 'ಕ್ಲಿಯರ್' ಒತ್ತಬೇಡಿ. ತೊಂದರೆ ಶುರುವಾದ ಕ್ಷಣದಲ್ಲಿ ಸ್ಪೀಡ್ ಎಷ್ಟಿತ್ತು, ಎಂಜಿನ್ ಎಷ್ಟು ಬಿಸಿಯಿತ್ತು ಅನ್ನೋ ಫ್ರೀಜ್ ಫ್ರೇಮ್ ಕೂಡ ಅಳಿಸಿಹೋಗುತ್ತೆ. ಮೊದಲು ಸ್ಕ್ರೀನ್‌ಶಾಟ್ ತಗೊಳ್ಳಿ.

ಇದೇ ಅಳಿಸೋ ಆಟ ಸೆಕೆಂಡ್ ಹ್ಯಾಂಡ್ ಕಾರು ಮಾರೋವಾಗಲೂ ನಡೆಯುತ್ತೆ. ಬೆಳಗ್ಗೆ ಕ್ಲಿಯರ್ ಮಾಡಿ, ಮಧ್ಯಾಹ್ನ ಲೈಟ್ ಇಲ್ಲದ ಗಾಡಿ ತೋರಿಸ್ತಾರೆ. ಅಡ್ವಾನ್ಸ್ ಕೊಡೋ ಮುಂಚೆ ಆ್ಯಪಲ್ಲಿ 'ರೆಡಿನೆಸ್' ಪುಟ ತೆಗೀರಿ. ಹಲವು ಕಾರುಗಳಲ್ಲಿ ಕೋಡ್ ಅಳಿಸಿದ ಮೇಲೆ ಎಷ್ಟು ಕಿಲೋಮೀಟರ್ ಓಡಿದೆ ಅಂತಾನೂ ಕಾಣುತ್ತೆ. ಮೂರೋ ನಾಲ್ಕೋ ಕಿಲೋಮೀಟರ್ ಇದ್ದು, ಟೆಸ್ಟ್‌ಗಳು ಮುಗಿದಿಲ್ಲ ಅಂತ ಬಂದ್ರೆ, ಯಾಕೆ ಅಳಿಸಿದ್ರಿ ಅಂತ ಮಾರೋರನ್ನೇ ಕೇಳಿ. ಬ್ಯಾಟರಿ ಬಿಚ್ಚಿದ್ವಿ ಅನ್ನಬಹುದು, ನಿಜವೂ ಇರಬಹುದು. ಒಂದೆರಡು ದಿನ ಓಡಿಸಿ ಆಮೇಲೆ ತೋರಿಸಿ ಅನ್ನಿ.