ಪ್ಲಾಸ್ಟಿಕ್ ಕಸ: ಲಾಭ ಯಾರಿಗೆ, ಹೊರೆ ಯಾರಿಗೆ?

(ಬೆಂಗಳೂರಿನ ಬನಶಂಕರಿಯಲ್ಲಿ ಸೇರಿದ್ದ ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣದ ಸಾರಾಂಶ)



ಜಯನಗರ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳಲ್ಲಿ ಬೆಳಗಾಗುವ ಮುನ್ನವೇ ಎರಡು ಬಗೆಯ ದುಡಿಮೆಗಾರರು ಬೀದಿಗಿಳಿಯುತ್ತಾರೆ. ಒಬ್ಬರು ಪೌರಕಾರ್ಮಿಕರು, ಇನ್ನೊಬ್ಬರು ಹೆಗಲಿಗೆ ಗೋಣಿಚೀಲ ಹಾಕಿ ಪ್ಲಾಸ್ಟಿಕ್ ಆಯುವವರು. ಮೊದಲನೆಯವರಿಗೆ ಸಂಬಳವೆಂಬುದೊಂದುಂಟು. ಎರಡನೆಯವರಿಗೆ ಆಯ್ದದ್ದನ್ನು ಗುಜರಿಗೆ ಹಾಕಿದರೆ ಮಾತ್ರ ಅಂದಿನ ಗಂಜಿ. ನಗರದ ಮರುಬಳಕೆ ನಿಂತಿರುವುದು ಇವರ ಬೆನ್ನಿನ ಮೇಲೆ.

ಎಲ್ಲ ಪ್ಲಾಸ್ಟಿಕ್ಕೂ ಒಂದೇ ಅಲ್ಲ. ನೀರಿನ ಬಾಟಲಿ, ಹಾಲಿನ ಕವರು, ಎಣ್ಣೆಯ ಡಬ್ಬ, ಒಡೆದ ಬಕೆಟ್ಟು ಇವನ್ನು ವಿಂಗಡಿಸಿ, ತೊಳೆದು, ಚೂರು ಮಾಡಿ, ಕರಗಿಸಿ ಹೊಸ ಸಾಮಾನು ಮಾಡುತ್ತಾರೆ. ನೀರಿನ ಬಾಟಲಿಯಿಂದ ಪಾಲಿಯೆಸ್ಟರ್ ಎಳೆಯನ್ನೇ ತೆಗೆಯುತ್ತಾರೆ. ಗಿರಣಿಯ ಸೋದರರಿಗೆ ಅದರ ಪರಿಚಯ ಹೇಳಬೇಕಿಲ್ಲ. ಆದರೆ ಚಿಪ್ಸು, ಶಾಂಪೂ, ಗುಟ್ಕಾ ಪೊಟ್ಟಣಗಳಲ್ಲಿ ಹಲವು ಪದರಗಳು ಒಂದಕ್ಕೊಂದು ಅಂಟಿರುತ್ತವೆ. ಬಿಡಿಸುವುದು ಕಷ್ಟ, ಗುಜರಿಯವನು ಕೊಳ್ಳುವುದಿಲ್ಲ. ಅವು ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಹೋಗಬೇಕು, ಇಲ್ಲವೆ ಚರಂಡಿ ಸೇರಬೇಕು. ಇಂಥ ಪೊಟ್ಟಣವನ್ನು ಆರಿಸಿದವನು ಕೂಲಿಯೂ ಅಲ್ಲ, ಅಂಗಡಿಯವನೂ ಅಲ್ಲ. ಅದರಲ್ಲಿ ಮಾಲು ತುಂಬಿ ಲಾಭ ತೆಗೆಯುವ ಕಂಪನಿ.

ವಿಂಗಡಿಸದ ಕಸ ಎಲ್ಲಿಗೆ ಹೋಯಿತು? ಮಾವಳ್ಳಿಪುರಕ್ಕೆ, ಮಂಡೂರಿಗೆ. ಪೇಟೆಯ ಕೊಳಕನ್ನು ಹಳ್ಳಿಯವರು ಉಂಡರು. ಕೊನೆಗೆ ಅವರು ತಿರುಗಿ ನಿಂತರು. 2012ರಲ್ಲಿ ಮಾವಳ್ಳಿಪುರಕ್ಕೆ ಕಸ ನಿಂತಿತು. 2014ರ ಕೊನೆಗೆ ಮಂಡೂರಿಗೂ ನಿಂತಿತು. 2012ರ ಅಕ್ಟೋಬರಿನಿಂದ ನಗರದಲ್ಲಿ ಹಸಿ ಕಸ, ಒಣ ಕಸ ಬೇರೆ ಮಾಡುವುದು ಕಡ್ಡಾಯವಾಯಿತು. ಅದಕ್ಕೆ ಮುನ್ನ, 2011ರಿಂದ, ಕಸ ಆಯುವವರಿಗೆ ಪಾಲಿಕೆ ಗುರುತಿನ ಚೀಟಿ ಕೊಡತೊಡಗಿತ್ತು. ಹಸಿರು ದಳದಂಥ ಸಂಘಟನೆಗಳು ಜೊತೆಗೆ ನಿಂತದ್ದರಿಂದ, ನಿನ್ನೆ ಬೀದಿಯಲ್ಲಿ ಆಯುತ್ತಿದ್ದವರೇ ವಾರ್ಡಿನ ಒಣ ಕಸದ ಕೇಂದ್ರಗಳನ್ನು ನಡೆಸುವಂತಾಯಿತು. ಇದು ದಾನವಲ್ಲ, ಒಗ್ಗಟ್ಟಿನ ಫಲ.

ಇನ್ನು ಸಣ್ಣ ವರ್ತಕರ ಮಾತು. 2016ರಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಚೀಲವನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಕೇಂದ್ರವೂ ಒಮ್ಮೆ ಬಳಸಿ ಎಸೆಯುವ ಹಲವು ಸಾಮಾನುಗಳನ್ನು ನಿಷೇಧಿಸಿತು. ನಿಷೇಧ ಸರಿಯೇ. ಆದರೆ ತಳ್ಳುಗಾಡಿಯವನಿಗೆ ದಂಡ ಹಾಕುವ ಕೈ ತಯಾರಿಸುವವನ ಬಾಗಿಲನ್ನು ಏಕೆ ತಟ್ಟುವುದಿಲ್ಲ? ಕಸವನ್ನು ಹಿಂದಕ್ಕೆ ಪಡೆಯುವ ಹೊಣೆ ತಯಾರಕನದೂ ಹೌದೆಂದು 2016ರ ನಿಯಮಗಳಲ್ಲೇ ಬರೆದಿದೆ.

ಆದುದರಿಂದ ನಮ್ಮ ಕೆಲಸ ಎರಡು. ಮನೆಯಲ್ಲಿ, ಅಂಗಡಿಯಲ್ಲಿ ಹಾಲಿನ ಕವರನ್ನು ತೊಳೆದು ಒಣಗಿಸಿ ಬೇರೆ ಇಡೋಣ; ಪ್ಲಾಸ್ಟಿಕ್ ಸುಡುವುದನ್ನು ಬಿಡೋಣ, ಆ ವಿಷದ ಹೊಗೆ ಮೊದಲು ಸೇರುವುದು ನಮ್ಮ ಮಕ್ಕಳ ಎದೆಯನ್ನೇ. ಎರಡನೆಯದು, ಆಯುವವರಿಗೆ ಕೈಗವಸು, ನ್ಯಾಯವಾದ ಕೂಲಿ, ಚಿಕಿತ್ಸೆ ಸಿಗಬೇಕೆಂದೂ, ಕಂಪನಿಗಳಿಂದ ಅದರ ಖರ್ಚು ವಸೂಲಾಗಬೇಕೆಂದೂ ವಾರ್ಡು ವಾರ್ಡಿನಲ್ಲಿ ಒತ್ತಾಯಿಸೋಣ. ಕಸ ಬೇರ್ಪಡಿಸಿದರಷ್ಟೇ ಸಾಲದು. ಹೊಣೆಯನ್ನೂ ಬೇರ್ಪಡಿಸಿ ಅವರವರ ತಲೆಗೆ ಕಟ್ಟಬೇಕು.