ಗ್ಯಾಸ್ಕೆಟ್‌ಗೆ ಪೇಸ್ಟ್: ಜಾಸ್ತಿ ಹಚ್ಚಿದ್ರ ಯಾಕ ಡೇಂಜರ್?

ಸೆಕೆಂಡ್ ಹ್ಯಾಂಡ್ ಕಾರು ಇಟ್ಕೊಂಡು ಹುಬ್ಬಳ್ಳಿ-ಧಾರವಾಡ ಓಡಾಡೋರಿಗೆ ಇವತ್ತಿನ ಎಪಿಸೋಡ್. ನಾನು ಬಿ.ಕಾಂ ಓದಿದವ, ಮಿಸ್ತ್ರಿ ಅಲ್ಲ. ಆದ್ರ ಗ್ಯಾರೇಜ್ ಬಿಲ್ ಕೊಡೋರು ನಾವ ಅಲ್ರಿ? ಯಾವ ಕೆಲಸ ಯಾಕ ಮಾಡ್ತಾರ ಅನ್ನೋದು ನಮಗೂ ಗೊತ್ತಿರಬೇಕು.

ಇಂಜಿನ್ನಿನಿಂದ ಆಯಿಲ್ ಒಸರಾಕತ್ತಿದ್ರ ಗ್ಯಾಸ್ಕೆಟ್ ಬದಲಿಸ್ತಾರ. ಗ್ಯಾರೇಜಿನಾಗ ಇದಕ್ಕ ಪ್ಯಾಕಿಂಗ್ ಅಂತಾರ. ಆಗ ನಾವು ಹೇಳೋ ಮಾತು ಒಂದ: "ಅಣ್ಣಾ, ಮ್ಯಾಲೆ ಸ್ವಲ್ಪ ಪೇಸ್ಟ್ ಜಾಸ್ತೀನ ಹಚ್ಚಿಬಿಡು, ಮತ್ತ ಲೀಕ್ ಆಗಬಾರದು." ಸಿಲಿಕಾನ್ ಪೇಸ್ಟ್ ಅಂದ್ರ ಇನ್ಶೂರೆನ್ಸ್ ಅಂತ ನಮ್ಮ ಲೆಕ್ಕ. ಆ ಲೆಕ್ಕ ತಪ್ಪು.

ಯಾಕ ಅಂತ ನೋಡ್ರಿ. ಬೋಲ್ಟ್ ಬಿಗಿ ಮಾಡಿದಾಗ ಹೆಚ್ಚಾದ ಪೇಸ್ಟ್ ಹೊರಗ ಬಂದಷ್ಟ ಒಳಗೂ ಹೋಗ್ತದ. ಹೊರಗಿಂದು ಕಾಣ್ತದ, ಒಳಗಿಂದು ಕಾಣೂದಿಲ್ಲ. ಅದು ರಬ್ಬರಿನಂಗ ಗಟ್ಟಿಯಾಗಿ, ಎಂದೋ ಒಂದಿನ ಹರಿದು ಆಯಿಲ್‌ನಾಗ ಬೀಳ್ತದ. ಕೆಳಗ ಚೇಂಬರಿನೊಳಗ ಆಯಿಲ್ ಪಂಪಿನ ಜಾಳಿಗಿ ಇರ್ತದ. ಚೂರುಗಳು ಅಲ್ಲಿ ಸಿಕ್ಕಿಬಿದ್ರ ಮ್ಯಾಲೆ ಆಯಿಲ್ ಏರೂದಿಲ್ಲ, ಬೇರಿಂಗ್ ಒಣಗ್ತಾವ, ಇಂಜಿನ್ ಜಾಮ್ ಆಗ್ತದ. ಪ್ಯಾಕಿಂಗ್ ಕೆಲಸಕ್ಕ ಹೋದವರು ಪೂರ್ತಿ ಇಂಜಿನ್ ಕೆಲಸದ ಬಿಲ್ ಕಟ್ಟಬೇಕಾಗ್ತದ.

ಹಂಗಾದ್ರ ಪೇಸ್ಟ್ ಎಲ್ಲಿ ಬೇಕು, ಎಲ್ಲಿ ಬ್ಯಾಡ?

ಟ್ಯಾಪೆಟ್ ಕವರ್: ಇದರ ರಬ್ಬರ್ ಗ್ಯಾಸ್ಕೆಟ್ ಸಾಮಾನ್ಯವಾಗಿ ಒಣದಾಗ ಕೂಡಬೇಕು. ಸುತ್ತಲೂ ಪೇಸ್ಟ್ ಬಳಿದ್ರ ರಬ್ಬರ್ ಜಾರಿ ಜಾಗ ಬಿಡ್ತದ. ಬಹಳ ಇಂಜಿನ್ನುಗಳಲ್ಲಿ ಹೆಡ್, ಟೈಮಿಂಗ್ ಕವರ್ ಎರಡೂ ಕೂಡೋ ಮೂಲಿಗೆ ಮಾತ್ರ ಒಂದೊಂದು ಚುಕ್ಕಿ ಹಚ್ಚಬೇಕಂತ ಕಂಪನಿನ ಹೇಳಿರ್ತದ.

ಹೆಡ್ ಗ್ಯಾಸ್ಕೆಟ್: ಇಲ್ಲಿ ಬೆಂಕಿ, ನೀರು, ಆಯಿಲ್ ಮೂರನ್ನೂ ಬ್ಯಾರೆ ಬ್ಯಾರೆ ಇಡಬೇಕು. ಈಗಿನ ಗ್ಯಾಸ್ಕೆಟ್‌ಗಳು ಬಹುತೇಕ ಸ್ಟೀಲಿನ ಪದರಗಳು, ಅವುಗಳ ಮ್ಯಾಲೆ ಕೋಟಿಂಗ್ ಇರ್ತದ. ಕಂಪನಿ ಹೇಳದ ಹೊರತು ಸಿಲಿಕಾನ್ ಮುಟ್ಟಿಸಬಾರದು. ಸಣ್ಣ ಆಯಿಲ್ ತೂತು ಮುಚ್ಚಿಹೋಗ್ಬಹುದು.

ಆಯಿಲ್ ಚೇಂಬರ್: ಇಲ್ಲಿ ಕತಿ ಉಲ್ಟಾ. ಈಗಿನ ಬಹಳ ಕಾರುಗಳಲ್ಲಿ ಚೇಂಬರಿಗೆ ಗ್ಯಾಸ್ಕೆಟ್‌ನ ಇರೂದಿಲ್ಲ, ಪೇಸ್ಟ್ ಒಂದ ಆಧಾರ. ಅದೂ ಎಲ್ಲೂ ಕಡಿಯದ ತೆಳು ಗೆರಿ ಎಳೀಬೇಕು, ಬೋಲ್ಟಿನ ತೂತಿನ ಒಳಬದಿಗೆ.

ಇನ್ನ ಒಣಗೋ ವಿಷಯ. ಈ ಸಿಲಿಕಾನ್ ಗಟ್ಟಿಯಾಗೋದು ಬಿಸಿಲಿನಿಂದ ಅಲ್ಲ, ಗಾಳಿಯೊಳಗಿನ ತೇವದಿಂದ. ಅಂದ್ರ ನಮ್ಮ ಏಪ್ರಿಲ್‌ನ ಒಣ ಹವಾದಾಗ ನಿಧಾನ, ಧಾರವಾಡದ ಮಳಿಗಾಲದಾಗ ಬೇಗ. ಪೂರ್ತಿ ಗಟ್ಟಿಯಾಗಲಿಕ್ಕೆ ಸಾಮಾನ್ಯವಾಗಿ 24 ತಾಸು ಬೇಕು. "ಅರ್ಧ ತಾಸಿನಾಗ ಗಾಡಿ ಕೊಡು" ಅಂತ ಮಿಸ್ತ್ರಿ ತಲಿ ಮ್ಯಾಲೆ ಕೂತ್ರ ನಷ್ಟ ನಮಗ. ಟ್ಯೂಬ್ ಮ್ಯಾಲೆ ಬರೆದ ಸಮಯ ಓದ್ರಿ. ಸೆನ್ಸರ್‌ಗೆ ಸೇಫ್ ಅಂತ ಬರೆದದ್ದನ್ನ ತಗೋರಿ. ವಿನೆಗರ್ ವಾಸನಿ ಬರೋ ಸಿಲಿಕಾನ್ ಇಂಜಿನ್ನಿಗೆ ಬ್ಯಾಡ.

ಗ್ಯಾರೇಜಿನಾಗ ಮೂರು ಪ್ರಶ್ನೆ ಕೇಳ್ರಿ. ಒಂದು, ಈ ಇಂಜಿನ್ನಿಗೆ ಕಂಪನಿ ಪೇಸ್ಟ್ ಎಲ್ಲಿ ಹಚ್ಚು ಅಂದದ? ಎರಡು, ಹಳೇ ಪೇಸ್ಟ್, ಜಿಡ್ಡು ಪೂರ್ತಿ ತೆಗೆದ್ರೇನು? ಅಲ್ಯುಮಿನಿಯಂ ಹೆಡ್ಡನ್ನ ಸ್ಕ್ರೂಡ್ರೈವರಿನಿಂದ ಕೆರೆದ್ರ ಗೀರು ಬಿದ್ದು ಅಲ್ಲೇ ಮತ್ತ ಲೀಕ್. ಮೂರು, ಪಿಸಿವಿ ವಾಲ್ವ್ ನೋಡಿದ್ರೇನು? ಅದು ಕಟ್ಟಿಕೊಂಡ್ರ ಒಳಗ ಒತ್ತಡ ಏರಿ, ಹೊಸ ಗ್ಯಾಸ್ಕೆಟ್ ಇದ್ರೂ ಆಯಿಲ್ ಹೊರಗ ಬರ್ತದ.

ಕೇಳೋದು ಜಗಳದ ದನಿಯೊಳಗ ಬ್ಯಾಡ್ರಿ. ಛಲೋ ಮಿಸ್ತ್ರಿಗೆ ಇಂಥಾ ಪ್ರಶ್ನೆ ಖುಷಿ ಕೊಡ್ತಾವ.

ಕಡೀ ಮಾತು. ನವನಗರ ದಾಟೋದ್ರಾಗ ಡ್ಯಾಶ್‌ಬೋರ್ಡ್ ಮ್ಯಾಲೆ ಕೆಂಪು ಆಯಿಲ್ ಲೈಟ್ ಹತ್ತಿತು ಅಂದ್ರ "ಹೆಂಗೂ ಧಾರವಾಡ ಬಂತು" ಅನಬ್ಯಾಡ್ರಿ. ಬದಿಗೆ ನಿಲ್ಲಿಸಿ ಇಂಜಿನ್ ಬಂದ್ ಮಾಡ್ರಿ. ಟೋಯಿಂಗ್ ಖರ್ಚು ಇಂಜಿನ್ ಖರ್ಚಿನ ಮುಂದ ಏನೂ ಅಲ್ಲ. ಮುಂದಿನ ವಾರ ಸಿಗೋಣ್ರಿ.