ರೈಲು ಬಿಟ್ಟುಕೊಟ್ಟ ದಾರಿ

ಬೈಸಿಕಲ್ ಎಂದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ಗಂಟೆಗೆ ಇಷ್ಟೆಂದು ಬಾಡಿಗೆ ಕೊಟ್ಟು ತಂದ ಸೈಕಲು. ಸೀಟಿಗೆ ಎಟುಕದೆ, ಬಾರಿನ ಕೆಳಗೆ ಕಾಲು ತೂರಿಸಿ, ಅರ್ಧರ್ಧ ತುಳಿದು ಕಲಿತ ದಿನಗಳು. ಅಂದು ಬಿದ್ದರೆ ಮೊಣಕಾಲು ತರಚುತ್ತಿತ್ತು, ಅಷ್ಟೆ. ಇಂದು ಮಗನೋ ಮಗಳೋ ಸೈಕಲನ್ನು ಬೀದಿಗಿಳಿಸಿದರೆ ತಿರುಗಿ ಬರುವವರೆಗೂ ತಾಯಿಯ ಕಣ್ಣು ಬಾಗಿಲಿನ ಮೇಲೆ. ಸೈಕಲೇನೂ ಬದಲಾಗಿಲ್ಲ, ಬದಲಾದುದು ರಸ್ತೆ. ಅದು ಲಾರಿಗೆ, ಬಸ್ಸಿಗೆ, ಮೋಟಾರಿಗೆ ಸೇರಿಹೋಗಿದೆ. ಹಾಗಾದರೆ ಅವಸರವಿಲ್ಲದೆ, ಗಾಳಿ ಸೇವಿಸುತ್ತ, ಹೊಳೆಯ ದಂಡೆಯಲ್ಲಿ ನಾಲ್ಕಾರು ಮೈಲಿ ತುಳಿದು ಬರಬೇಕೆನ್ನುವವನಿಗೆ ದಾರಿ ಎಲ್ಲಿದೆ?

ಈ ಪ್ರಶ್ನೆಗೆ ಇಂಗ್ಲೆಂಡಿನ ಡರ್ಬಿಷೈರ್ ಪ್ರಾಂತದ ಜನ ಕಂಡುಕೊಂಡ ಉತ್ತರವೊಂದನ್ನು ಈ ಹೊತ್ತು ನಿಮ್ಮ ಮುಂದಿಡುತ್ತೇನೆ.

ಆ ಪ್ರಾಂತದಲ್ಲಿ ಎರಡು ಹೊಳೆಗಳು. ಒಂದು ವೈ, ಇನ್ನೊಂದು ಡರ್ವೆಂಟ್. ವೇಲ್ಸಿನಿಂದ ಹರಿದುಬರುವ ಹೆಸರಾಂತ ವೈ ನದಿ ಬೇರೆ. ಇದು ಬಕ್ಸ್‌ಟನ್ ಊರಿನ ಕಡೆಯಿಂದ ಸುಣ್ಣಕಲ್ಲಿನ ಬೆಟ್ಟಗಳನ್ನು ಕೊರೆದುಕೊಂಡು ಬಂದು ರೌಸ್ಲಿ ಎಂಬಲ್ಲಿ ಡರ್ವೆಂಟನ್ನು ಕೂಡುವ ಚಿಕ್ಕ ಹೊಳೆ. ಹೊಳೆ ಚಿಕ್ಕದಾದರೂ ಕಣಿವೆ ಆಳವಾದುದು. ಒಂದು ಕಡೆ ಮ್ಯಾಂಚೆಸ್ಟರ್, ಇನ್ನೊಂದು ಕಡೆ ಶೆಫೀಲ್ಡ್, ಎರಡೂ ಹೊಗೆಕೊಳವೆಗಳ ಪಟ್ಟಣಗಳು. ಅಲ್ಲಿನ ಕೆಲಸಗಾರರಿಗೆ ಭಾನುವಾರ ಬಂತೆಂದರೆ ಈ ಬೆಟ್ಟಸೀಮೆಯೇ ಶ್ವಾಸಕೋಶ. ಬ್ರಿಟನ್ನಿನ ಮೊಟ್ಟಮೊದಲ ರಾಷ್ಟ್ರೀಯ ಉದ್ಯಾನವನ್ನು 1951ರಲ್ಲಿ ಇಲ್ಲಿಯೇ, ಪೀಕ್ ಡಿಸ್ಟ್ರಿಕ್ಟ್ ಎಂಬ ಹೆಸರಿನಲ್ಲಿ, ಸ್ಥಾಪಿಸಿದರೆಂದರೆ ಅದರಲ್ಲಿ ಆಶ್ಚರ್ಯವಿಲ್ಲ.

ಈ ಕಣಿವೆಗೆ ರೈಲು ಬಂದುದು 1863ರಲ್ಲಿ. ಹೊಳೆ ಸುತ್ತಿ ಬಳಸಿ ಹರಿದರೆ ರೈಲುದಾರಿ ಸುರಂಗ ಕೊರೆದು, ಸೇತುವೆ ಕಟ್ಟಿ, ನೆಟ್ಟಗೆ ಹೋಗಲು ನೋಡಿತು. ಮಾನ್ಸಲ್ ಡೇಲ್ ಎಂಬ ಚೆಲುವಾದ ತಿರುವಿನಲ್ಲಿ ಐದು ಕಮಾನುಗಳ ಕಲ್ಲಿನ ಸೇತುವೆಯೊಂದು ಎದ್ದಿತು. ಇದನ್ನು ಕಂಡು ಕಿಡಿಕಾರಿದವನು ಜಾನ್ ರಸ್ಕಿನ್. ಗಾಂಧೀಜಿಯವರ ಮನಸ್ಸನ್ನು ತಿರುಗಿಸಿದ ‘ಅನ್‌ಟು ದಿಸ್ ಲಾಸ್ಟ್’ ಪುಸ್ತಕವನ್ನು ಬರೆದ ಆ ರಸ್ಕಿನ್ನನೇ. ಬಕ್ಸ್‌ಟನ್ನಿನವರು ಅರ್ಧ ಗಂಟೆಯಲ್ಲಿ ಬೇಕ್‌ವೆಲ್ ಸೇರುವುದಕ್ಕಾಗಿ ದೇವತೆಗಳು ಸುಳಿಯುವಂಥ ಕಣಿವೆಯನ್ನೇ ಹಾಳುಗೆಡವಿದರಲ್ಲ ಎಂಬುದು ಅವನು 1871ರಲ್ಲಿ ಬರೆದುದರ ತಿರುಳು. ಕಾಲದ ಆಟ ನೋಡಿ: ಅವನು ಹಳಿದ ಸೇತುವೆಯನ್ನೇ 1970ರಲ್ಲಿ ರಕ್ಷಿಸಬೇಕಾದ ಕಟ್ಟಡಗಳ ಪಟ್ಟಿಗೆ ಸೇರಿಸಲಾಯಿತು. ಆದರೆ ಅಷ್ಟು ಹೊತ್ತಿಗೆ ಅದರ ಮೇಲೆ ರೈಲು ಓಡುತ್ತಿರಲಿಲ್ಲ. ಮೋಟಾರು ಬಸ್ಸುಗಳ ಪೈಪೋಟಿಯಲ್ಲಿ ಬ್ರಿಟನ್ನಿನ ಎಷ್ಟೋ ರೈಲುದಾರಿಗಳು ಮುಚ್ಚಿಹೋದ ಕಾಲ ಅದು; ಈ ದಾರಿಯನ್ನು 1968ರಲ್ಲಿ ಮುಚ್ಚಿದರು.

ಹಳಿ ಕಿತ್ತ ರೈಲುದಾರಿಯಿಂದ ಏನು ಪ್ರಯೋಜನವೆಂದು ಕೇಳಬಹುದು. ಇಲ್ಲೇ ಇದೆ ಸ್ವಾರಸ್ಯ. ಕಬ್ಬಿಣದ ಹಳಿಯ ಮೇಲೆ ಕಬ್ಬಿಣದ ಗಾಲಿಗೆ ಹಿಡಿತ ಕಡಿಮೆ. ಏರು ಕಡಿದಾದರೆ ಗಾಲಿ ಜಾರುತ್ತದೆ. ಆದ್ದರಿಂದ ರೈಲಿನ ಇಂಜಿನಿಯರು ಗುಡ್ಡ ಕಡಿದು, ಹಳ್ಳ ತುಂಬಿ, ನೂರು ಅಡಿ ಹೋದರೆ ಒಂದು ಅಡಿ ಏರುವಷ್ಟು ಹದವಾಗಿ ದಾರಿ ಮಾಡುತ್ತಾನೆ. ಹಬೆಯ ಇಂಜಿನ್ನಿಗೆ ಹಗುರವಾದ ಏರು ಎಂಟು ವರ್ಷದ ಹುಡುಗಿಯ ಕಾಲಿಗೂ ಎಪ್ಪತ್ತು ವರ್ಷದ ಅಜ್ಜನ ಮೊಣಕಾಲಿಗೂ ಹಗುರವೇ. ಬೆಟ್ಟಸೀಮೆಯಲ್ಲಿ ಸಮತಟ್ಟಾದ ಸೈಕಲುದಾರಿಯನ್ನು ಹೊಸದಾಗಿ ಮಾಡಹೊರಟರೆ ಆಗುವ ವೆಚ್ಚ ಅಷ್ಟಿಷ್ಟಲ್ಲ. ಇಲ್ಲಿ ಅದು ಆಗಲೇ ಸಿದ್ಧವಾಗಿ ಬಿದ್ದಿತ್ತು.

ರಾಷ್ಟ್ರೀಯ ಉದ್ಯಾನದ ಪ್ರಾಧಿಕಾರ 1980ರ ವೇಳೆಗೆ ಇದನ್ನು ವಹಿಸಿಕೊಂಡು ಮಾನ್ಸಲ್ ಟ್ರೇಲ್ ಎಂಬ ಹೆಸರಿನಿಂದ ಜನರಿಗೆ ತೆರೆಯಿತು. ಆದರೆ ಸುರಂಗಗಳು ಅಪಾಯವೆಂದು ಅವಕ್ಕೆ ಬಾಗಿಲು ಹಾಕಿದ್ದರು. ಸುರಂಗ ಬಂದಾಗಲೆಲ್ಲ ಗುಡ್ಡ ಹತ್ತಿ ಇಳಿಯುವ ಕಾಲುದಾರಿ ಹಿಡಿಯಬೇಕು. ನಡೆಯುವವರು ಹೇಗೋ ಹೋದಾರು, ಸೈಕಲನ್ನು ಹೊತ್ತುಕೊಂಡು ಹೋಗುವುದುಂಟೆ? ಹೀಗೆ ಸುಮಾರು ಮೂವತ್ತು ವರ್ಷ ದಾರಿ ಇದ್ದೂ ತುಂಡುತುಂಡಾಗಿತ್ತು. 2011ರ ಮೇ ತಿಂಗಳಲ್ಲಿ ನಾಲ್ಕು ದೊಡ್ಡ ಸುರಂಗಗಳನ್ನು ಭದ್ರಪಡಿಸಿ, ದೀಪ ಹಾಕಿಸಿ ತೆರೆದಾಗ ಎಂಟೂವರೆ ಮೈಲಿಯ, ಎಂದರೆ ಸುಮಾರು ಹದಿನಾಲ್ಕು ಕಿಲೋಮೀಟರಿನ, ದಾರಿ ಒಂದೇ ಎಳೆಯಾಯಿತು.

ಬೇಕ್‌ವೆಲ್ಲಿನಿಂದ ಹೊರಟರೆ ಮೊದಲು ಸಿಕ್ಕುವುದು ಹ್ಯಾಸಪ್ ನಿಲ್ದಾಣ. ಟಿಕೆಟ್ ಕೊಡುತ್ತಿದ್ದ ಕಡೆ ಈಗ ಕಾಫಿ, ತಿಂಡಿ. ಬಾಡಿಗೆ ಸೈಕಲೂ ದೊರೆಯುತ್ತದೆ. ಮುಂದೆ ಹೆಡ್‌ಸ್ಟೋನ್ ಸುರಂಗ. ಸುಡುಬಿಸಿಲಿನ ದಿನವೂ ಒಳಗೆ ತಣ್ಣಗಿರುತ್ತದೆ. ಅದರ ಬಾಯಿಂದ ಹೊರಬಿದ್ದೊಡನೆ ರಸ್ಕಿನ್ ಬೈದ ಸೇತುವೆಯ ಮೇಲೆಯೇ ನಿಂತಿರುತ್ತೀರಿ. ಬಹಳ ಕೆಳಗೆ ವೈ ಹೊಳೆ. ಇಲ್ಲಿ ಇಳಿಯದೆ ಮುಂದೆ ಹೋಗುವವರು ಕಡಮೆ.

ಮುಂದಿನ ಎರಡು ಸುರಂಗಗಳ ಆಸುಪಾಸಿನಲ್ಲಿ, ಹೊಳೆಯ ದಡದಲ್ಲಿ, ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಶುರುವಾದ ಎರಡು ಹತ್ತಿಗಿರಣಿಗಳು: ಕ್ರೆಸ್‌ಬ್ರುಕ್ ಮತ್ತು ಲಿಟನ್. ಹೊಳೆಯ ನೀರೇ ಅವುಗಳ ಚಕ್ರ ತಿರುಗಿಸುತ್ತಿತ್ತು; ನೂಲಿನ ಯಂತ್ರದ ಮುಂದೆ ನಿಲ್ಲುತ್ತಿದ್ದವರು ದೂರದ ಊರುಗಳ ಅನಾಥಾಲಯಗಳಿಂದ ಕರೆತಂದ ಮಕ್ಕಳು. ಲಂಡನ್ನಿನಿಂದ ಬಂದು ಲಿಟನ್ ಗಿರಣಿಯಲ್ಲಿ ದುಡಿದ ರಾಬರ್ಟ್ ಬ್ಲಿಂಕೋ ಎಂಬ ಬಾಲಕ ಅಲ್ಲಿ ಪಟ್ಟ ಪಾಡು 1832ರಲ್ಲಿ ಪುಸ್ತಕವಾಗಿ ಹೊರಬಂದು ಓದಿದವರ ಕರುಳು ಕಲಕಿತು. ಇಂದು ಅದೇ ಕಣಿವೆಯಲ್ಲಿ ಮಕ್ಕಳು ಗಂಟೆ ಬಾರಿಸುತ್ತ ಸೈಕಲ್ ತುಳಿಯುತ್ತಾರೆ. ನೋಟ ಚೆಲುವಾದುದೆಂದು ಅದರ ಹಿಂದಿನ ಕಥೆಯನ್ನು ಮರೆಯಬಾರದು. ಮಿಲ್ಲರ್ಸ್ ಡೇಲಿನ ಬಳಿ ಕೋಟೆಯ ಬುರುಜಿನಂತೆ ನಿಂತಿರುವ ಹಳೆಯ ಸುಣ್ಣದ ಗೂಡುಗಳೂ ಅದನ್ನೇ ಹೇಳುತ್ತವೆ: ಇದು ವಿಹಾರಕ್ಕೆಂದು ಆದ ದಾರಿಯಲ್ಲ, ಬೆವರಿನ ದಾರಿ.

ಮಾನ್ಸಲ್ ದಾರಿಗಿಂತ ಮೊದಲೇ, ಇದೇ ಸೀಮೆಯ ಎತ್ತರದ ಬಯಲಿನಲ್ಲಿ ಇನ್ನೆರಡು ಹಳೆಯ ರೈಲುದಾರಿಗಳು ಸೈಕಲಿಗೆ ಒಲಿದಿದ್ದವು. 1960ರ ದಶಕದಲ್ಲಿ ಮುಚ್ಚಿದ ಆ ದಾರಿಗಳನ್ನು 1971ರ ಸುಮಾರಿಗೇ ಕೊಂಡು ಕಾಪಾಡಿದರು. ಒಂದು, ಆಶ್‌ಬೋರ್ನಿನಿಂದ ಹದಿಮೂರು ಮೈಲಿಯ ಟಿಸ್ಸಿಂಗ್‌ಟನ್ ಟ್ರೇಲ್. ಇನ್ನೊಂದು, ಹದಿನೇಳು ಮೈಲಿಯ ಹೈ ಪೀಕ್ ಟ್ರೇಲ್. ಇದು ಡರ್ವೆಂಟ್ ಕಣಿವೆಯ ಕ್ರಾಮ್‌ಫರ್ಡ್ ಬಳಿ, ಆರ್ಕ್‌ರೈಟನು 1771ರಲ್ಲಿ ನೀರಿನ ಬಲದ ಹತ್ತಿಗಿರಣಿಯನ್ನು ಕಟ್ಟಲಾರಂಭಿಸಿದ ಊರಿನಲ್ಲಿ, ಮೊದಲಾಗುತ್ತದೆ. ಅಲ್ಲಿನ ಕೆಲವು ಏರುಗಳಲ್ಲಿ ಬಂಡಿಗಳನ್ನು ಹಬೆಯಂತ್ರಕ್ಕೆ ಬಿಗಿದು ಮೇಲಕ್ಕೆಳೆಯುತ್ತಿದ್ದರಾಗಿ ಅವು ತೀರ ಕಡಿದು; ಸವಾರ ಇಳಿದು ತಳ್ಳಿಕೊಂಡು ಹೋಗುವುದೇ ಜಾಣತನ. ಎರಡು ದಾರಿಗಳೂ ಕೂಡುವ ಪಾರ್ಸ್ಲಿ ಹೇ ಎಂಬಲ್ಲಿ ಪ್ರಾಧಿಕಾರದ ಬಾಡಿಗೆ ಸೈಕಲುಗಳುಂಟು. ಕಾಲಿನಲ್ಲಿ ಶಕ್ತಿಯಿಲ್ಲದವರಿಗೆ ಕೈಯಿಂದ ತಿರುಗಿಸುವ ಸೈಕಲು ಕೂಡ.

ಇಷ್ಟು ಹೇಳಿದ ಮೇಲೆ ಕೊರತೆಯನ್ನೂ ಹೇಳಬೇಕು. ಮಾನ್ಸಲ್ ದಾರಿ ಒಂದು ಕಡೆ ಬಕ್ಸ್‌ಟನ್ನಿಗೆ ಮೂರು ಮೈಲಿ ಇರುವಾಗಲೇ ಹೆದ್ದಾರಿಯ ಅಂಚಿನಲ್ಲಿ ನಿಂತುಬಿಡುತ್ತದೆ. ಆದ್ದರಿಂದ ವಾಹನವಿಲ್ಲದ ದಾರಿಗೆ ಸೈಕಲನ್ನು ಮೋಟಾರಿನ ಬೆನ್ನಿಗೆ ಕಟ್ಟಿಕೊಂಡು ಬರುವವರೂ ಬಹಳ. ಇದು ನಗುವಂಥ ಮಾತಾದರೂ ಯೋಚಿಸಬೇಕಾದ ಮಾತು: ಮನೆಯ ಬಾಗಿಲಿನಿಂದ ದಾರಿಯ ಬಾಯಿಗೆ ಸೇರಲು ಸುರಕ್ಷಿತವಾದ ಹಾದಿ ಇಲ್ಲದಿದ್ದರೆ, ಮೋಟಾರಿಲ್ಲದ ಬಡವನಿಗೆ ಆ ಸೊಗಸು ದೂರವೇ. ಇನ್ನು ಕೆಲವರು, ಊರೂರುಗಳ ಮೋಟಾರು ಸಂದಣಿ ಕಡಮೆಯಾಗಲು ಇಲ್ಲಿ ಮತ್ತೆ ರೈಲನ್ನೇ ಓಡಿಸಬೇಕೆನ್ನುತ್ತಾರೆ. ಸೈಕಲಿನವರು ಒಪ್ಪುತ್ತಾರೆಯೆ? ವಾದ ಮುಗಿದಿಲ್ಲ.

ಆದರೆ ಗಮನಿಸಿ, ಆ ವಾದ ನಡೆಯಲು ಸಾಧ್ಯವಾಗಿರುವುದೇ ದಾರಿ ಉಳಿದಿರುವುದರಿಂದ. ರೈಲು ನಿಂತ ದಿನವೇ ಇದನ್ನು ಅಡಿ ಲೆಕ್ಕದಲ್ಲಿ ಮಾರಿ, ಒಬ್ಬ ಕೊಟ್ಟಿಗೆ ಕಟ್ಟಿ, ಇನ್ನೊಬ್ಬ ಬೇಲಿ ಹಾಕಿದ್ದರೆ, ಸೈಕಲೂ ಇಲ್ಲ, ರೈಲೂ ಇಲ್ಲ. ಹೂವಿನ ಸರದ ದಾರ ಒಂದೇ ಕಡೆ ಕಡಿದರೆ ಸಾಕು, ಹೂವೆಲ್ಲ ಚೆಲ್ಲಿಹೋಗುತ್ತದೆ. ಸುರಂಗಗಳ ಬಾಗಿಲು ತೆರೆಯಲು ಮೂವತ್ತು ವರ್ಷ ಬೇಕಾಯಿತು. ಅಷ್ಟು ಕಾಲ ದಾರಿ ಕಾದಿದ್ದರಿಂದಲೇ ತೆರೆಯುವ ಮಾತು ಬಂದಿತು.

ನಮ್ಮಲ್ಲಿಯೂ ನಾಲೆಯ ಏರಿಗಳಿವೆ, ಕೆರೆಯ ಏರಿಗಳಿವೆ, ಊರಿಂದೂರಿಗೆ ಹೋಗುತ್ತಿದ್ದ ಗಾಡಿದಾರಿಗಳಿವೆ. ಅವುಗಳ ಹಳೆಯ ಕೆಲಸ ಮುಗಿಯಿತೆಂದು ತೋರಿದಾಗ ತುಂಡರಿಸಿ ಹಂಚುವ ಮುನ್ನ ಒಂದು ಗಳಿಗೆ ತಡೆದು, ನಾಳೆ ಯಾರ ಕಾಲಿಗೆ ಇದು ಬೇಕಾದೀತು ಎಂದು ಕೇಳಿಕೊಳ್ಳೋಣ. ದಾರಿಯನ್ನು ಮಾಡುವುದು ಕಷ್ಟ. ಇದ್ದುದನ್ನು ಉಳಿಸಿಕೊಳ್ಳುವುದಕ್ಕೆ ಬೇಕಾದುದು ತಾಳ್ಮೆ ಮಾತ್ರ.